ಎರಡು ಕಾಲಿನ ದೋಣಿಗೆ ಬಲ ತುಂಬುವ ಕೆಲಸ

ಇಂಗ್ಲೆಂಡಿನ ಪೂರ್ವ ಕರಾವಳಿಯ ಎಸೆಕ್ಸ್, ಸಫೊಕ್ ಕಡೆಯ ಅಳಿವೆಗಳನ್ನು ಇಳಿತದ ಹೊತ್ತಿನಲ್ಲಿ ನೋಡಬೇಕು. ಬ್ಲ್ಯಾಕ್‌ವಾಟರ್, ಕ್ರೌಚ್, ಡೆಬೆನ್ ನದಿಗಳಲ್ಲಿ ನಡುವಿನ ಒಂದು ಹರಿವು ಬಿಟ್ಟರೆ ಉಳಿದದ್ದೆಲ್ಲ ಹೊಳೆಯುವ ಕೆಸರು. ಬೆಳಿಗ್ಗೆ ತೇಲುತ್ತಿದ್ದ ಹಾಯಿದೋಣಿಗಳಲ್ಲಿ ಕೆಲವು ಪಕ್ಕಕ್ಕೆ ವಾಲಿ ಮಲಗಿಬಿಟ್ಟಿರುತ್ತವೆ. ಕೆಲವು ಮಾತ್ರ ನೆಟ್ಟಗೆ ನಿಂತಿರುತ್ತವೆ. ಒಳಗೆ ಯಾರೋ ಚಹಾ ಕಾಸುತ್ತಿದ್ದರೂ ಆಶ್ಚರ್ಯವಿಲ್ಲ. ಹಾಗೆ ನಿಂತವುಗಳ ಅಡಿಗೆ ಬಗ್ಗಿ ನೋಡಿದರೆ ಕಾಣುವುದು ಒಂದು ಕೀಲ್ ಅಲ್ಲ, ಎರಡು. ನಮ್ಮ ಮಂಗಳೂರು, ಮಲ್ಪೆಗಳಲ್ಲಿ ಉಬ್ಬರವಿಳಿತದ ವ್ಯತ್ಯಾಸ ಒಂದೂವರೆ ಮೀಟರಿನ ಆಸುಪಾಸು. ಬ್ರಿಟನ್ನಿನ ಪಶ್ಚಿಮಕ್ಕಿರುವ ಬ್ರಿಸ್ಟಲ್ ಚಾನೆಲ್‌ನ ಏವನ್‌ಮೌತ್‌ನಲ್ಲಿ ಹುಣ್ಣಿಮೆ-ಅಮಾವಾಸ್ಯೆಯ ಉಬ್ಬರಕ್ಕೆ ಅದು 12 ಮೀಟರ್ ದಾಟುತ್ತದೆ. ಇಂಥ ನೀರಿನಲ್ಲಿ ದೋಣಿ ಇಟ್ಟುಕೊಳ್ಳುವವರಿಗೆ ತೇಲುವುದು ಎಷ್ಟು ಮುಖ್ಯವೋ ನಿಲ್ಲುವುದೂ ಅಷ್ಟೇ ಮುಖ್ಯ.

ಕೀಲ್ ಎಂದರೆ ಹಾಯಿದೋಣಿಯ ತಳದಿಂದ ನೀರೊಳಕ್ಕೆ ಇಳಿದಿರುವ ಭಾರದ ಫಲಕ. ಅದು ಏಕಕಾಲಕ್ಕೆ ಎರಡು ಕೆಲಸ ಮಾಡುತ್ತದೆ. ಗಾಳಿ ಹಾಯಿಯನ್ನು ತಳ್ಳಿ ದೋಣಿಯನ್ನು ವಾಲಿಸಿದಾಗ ತನ್ನ ಭಾರದಿಂದ ಅದನ್ನು ಮತ್ತೆ ನೆಟ್ಟಗಾಗಿಸುವುದು ಒಂದು. ದೋಣಿ ಅಡ್ಡಡ್ಡ ಸರಿಯದಂತೆ ನೀರನ್ನು ಒತ್ತಿ ಹಿಡಿದು, ಗಾಳಿಗೆ ಎದುರಾಗಿ ಓರೆಯಲ್ಲಿ ಸಾಗಲು ಅನುವಾಗುವುದು ಇನ್ನೊಂದು. ಎರಡು ಕೀಲಿನ ದೋಣಿಯಲ್ಲಿ ಮೂರನೆಯ ಕೆಲಸವೂ ಸೇರಿಕೊಳ್ಳುತ್ತದೆ: ನೀರು ಹೋದಾಗ ಕಾಲಾಗಿ ನಿಲ್ಲುವುದು. ಹಳೆಯ ದೋಣಿಗಳ ಕೀಲನ್ನು ಬಿಚ್ಚಿ, ತಿದ್ದಿ, ಮತ್ತೆ ಕೂರಿಸುವವರ ಮುಖ್ಯ ತಲೆನೋವು ಈ ಮೂರನೆಯ ಕೆಲಸದ್ದು.

ಉದಾಹರಣೆಗೆ ಒಂದೇ ದೋಣಿಯನ್ನು ಹಿಡಿದುಕೊಳ್ಳೋಣ: ವೆಸ್ಟರ್ಲಿ ಸೆಂಟಾರ್. ವೆಸ್ಟರ್ಲಿ ಸಂಸ್ಥೆಯನ್ನು ಪೋರ್ಟ್ಸ್‌ಮತ್ ಹತ್ತಿರದ ವಾಟರ್ಲೂವಿಲ್‌ನಲ್ಲಿ ಕಟ್ಟಿದವರು ಡೆನಿಸ್ ರೇನರ್. ಎರಡನೆಯ ಮಹಾಯುದ್ಧದಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಬೆಂಗಾವಲು ಹಡಗುಗಳನ್ನು ನಡೆಸಿದವರು; ಅವರು ಬರೆದ 'ದಿ ಎನಿಮಿ ಬಿಲೋ' ಕಾದಂಬರಿ 1957ರಲ್ಲಿ ಹಾಲಿವುಡ್ ಸಿನಿಮಾ ಆಯಿತು. ಯುದ್ಧನೌಕೆಯ ಕಪ್ತಾನರೊಬ್ಬರು ಮಧ್ಯಮ ವರ್ಗದ ಸಂಸಾರಗಳಿಗೆ ಕೆಸರಿನಲ್ಲಿ ನಿಲ್ಲುವ ಪುಟ್ಟ ಫೈಬರ್ ದೋಣಿ ಮಾಡಲು ಹೊರಟದ್ದು ನನಗೆ ಬಹಳ ಇಷ್ಟವಾದ ಸಂಗತಿ. ಸೆಂಟಾರ್ ಬರುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಲಾರೆಂಟ್ ಗೈಲ್ಸ್ ಸಂಸ್ಥೆ ಅದರ ವಿನ್ಯಾಸ ಮಾಡಿತು. 1969ರಿಂದ 1980ರವರೆಗೆ 2,400ಕ್ಕೂ ಹೆಚ್ಚು ಸೆಂಟಾರ್‌ಗಳು ತಯಾರಾದವು. ಉದ್ದ 26 ಅಡಿ, ಒಟ್ಟು ತೂಕ ಮೂರು ಟನ್, ನೀರಿನೊಳಗಿನ ಆಳ ಬರೀ ಮೂರು ಅಡಿ. ಆ ಮೂರು ಟನ್ನಿನಲ್ಲಿ ಸುಮಾರು 1,270 ಕೆ.ಜಿ. ಎರಡು ಕೀಲುಗಳದ್ದೇ, ಅಂದರೆ ಒಂದೊಂದೂ ಆರು ಕ್ವಿಂಟಲ್‌ಗಿಂತ ಹೆಚ್ಚಿನ ಎರಕದ ಕಬ್ಬಿಣ. ಅವತ್ತು ತಯಾರಾದವುಗಳಲ್ಲಿ ಬಹಳಷ್ಟು ಇವತ್ತಿಗೂ ನೀರಿನಲ್ಲಿವೆ.

ಈ ಕೀಲುಗಳು ತಳದಿಂದ ನೇರ ಕೆಳಗಿಳಿಯುವುದಿಲ್ಲ. ಎರಡೂ ಹೊರಕ್ಕೆ ಚಾಚಿಕೊಂಡಿರುತ್ತವೆ. ದೋಣಿ ಗಾಳಿಗೆ ವಾಲಿದಾಗ ಇದರ ಲಾಭ ತಿಳಿಯುತ್ತದೆ. ವಾಲಿದ ಬದಿಯ ಕೀಲ್ ಆಗ ನೀರಿನಲ್ಲಿ ನೆಟ್ಟಗಾಗುತ್ತದೆ. ದೋಣಿ ಪಕ್ಕಕ್ಕೆ ಸರಿಯುವುದನ್ನು ತಡೆಯುವ ಕೆಲಸವನ್ನು ಅದೇ ಹೆಚ್ಚಾಗಿ ಹೊರುತ್ತದೆ. ಇನ್ನೊಂದು ಬದಿಯದು ಅಡ್ಡವಾಗಿ ಚಾಚಿಕೊಂಡು ತನ್ನ ಭಾರದಿಂದ ದೋಣಿಯನ್ನು ಹಿಂದಕ್ಕೆ ಎಳೆಯುತ್ತದೆ. ಕಾಗದದ ಮೇಲೆ ಬಹಳ ಚೆಂದದ ಹಂಚಿಕೆ. ಆಳವಾದ ಒಂಟಿ ಕೀಲಿನ ದೋಣಿಯಷ್ಟು ಚುರುಕಾಗಿ ಗಾಳಿಗೆದುರು ಹತ್ತುವುದಿಲ್ಲ ಎಂಬುದು ನಿಜ. ಆದರೆ ಅದನ್ನು ಕೊಂಡವರಿಗೆ ಪಂದ್ಯ ಗೆಲ್ಲಬೇಕಾಗಿರಲಿಲ್ಲ.

ಹೊರಕ್ಕೆ ಚಾಚಿದ ಕಾಲಿನ ಮೇಲೆ ಮೂರು ಟನ್ ಕೂರಿಸಿದರೆ ಏನಾಗುತ್ತದೆ? ಕಾಲುಗಳು ಅಗಲವಾಗಲು ನೋಡುತ್ತವೆ. ಮೆತ್ತನೆಯ ಕೆಸರಿನಲ್ಲಿ ತೊಂದರೆ ಕಡಿಮೆ, ಕೀಲ್ ಹೂತುಕೊಳ್ಳುತ್ತದೆ. ಗಟ್ಟಿ ಮರಳು ಅಥವಾ ಜಲ್ಲಿಕಲ್ಲಿನ ತಳವಾದರೆ, ಅದರಲ್ಲೂ ನೀರು ಏರುತ್ತಾ ಇಳಿಯುತ್ತಾ ಇರುವ ಆ ಅರ್ಧ ಗಂಟೆಯಲ್ಲಿ ಸಣ್ಣ ಅಲೆ ಎದ್ದರೆ, ದೋಣಿ ಎದ್ದೆದ್ದು ಕುಕ್ಕುತ್ತದೆ. ಪ್ರತಿ ಕುಕ್ಕಿಗೂ ಕೀಲಿನ ಪಾದಕ್ಕೆ ಪಕ್ಕದಿಂದ ಏಟು. ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: ಪಾದದ ಮೇಲೆ 500 ಕೆ.ಜಿ.ಯಷ್ಟು ಅಡ್ಡ ಒತ್ತಡ ಬಿತ್ತು, ಪಾದದಿಂದ ಬುಡಕ್ಕೆ 60 ಸೆಂ.ಮೀ., ಬುಡದಲ್ಲಿ ಬೋಲ್ಟುಗಳ ಎರಡು ಸಾಲಿನ ನಡುವೆ 10 ಸೆಂ.ಮೀ. ಹಾರೆ ಮೀಟಿದಂತೆ ಆ ಒತ್ತಡ ಆರು ಪಟ್ಟಾಗಿ, ಒಂದು ಸಾಲಿನ ಬೋಲ್ಟುಗಳು ಮೂರು ಟನ್ ಎಳೆತವನ್ನು ತಾಳಬೇಕು. ಬೋಲ್ಟು ತಾಳುತ್ತದೆ. ಅದು ಹಿಡಿದುಕೊಂಡಿರುವ ಫೈಬರ್ ತಳ ತಾಳಬೇಕಲ್ಲ?

ಹಳೆಯ ಸೆಂಟಾರ್‌ಗಳಲ್ಲಿ ಸೋತದ್ದು ಅಲ್ಲಿಯೇ. ಕೀಲ್ ಮುರಿಯಲಿಲ್ಲ, ಕೀಲ್ ಕೂತ ಜಾಗದ ಸುತ್ತಲಿನ ತಳ ವರ್ಷಗಟ್ಟಲೆ ಒಳಕ್ಕೂ ಹೊರಕ್ಕೂ ಬಾಗಿ ಬಾಗಿ ದಣಿಯಿತು. ಫೈಬರ್ ದೋಣಿಯ ಶಾಸ್ತ್ರ ಆಗಿನ್ನೂ ಎಳೆಯದು ಎಂಬುದನ್ನು ಮರೆಯಬಾರದು. ಲಕ್ಷಣಗಳನ್ನು ಬಲ್ಲವರು ಚಟಕ್ಕನೆ ಗುರುತಿಸುತ್ತಾರೆ. ಕೀಲಿನ ಬುಡದ ಸುತ್ತ ಬಣ್ಣದಲ್ಲಿ ಕೂದಲೆಳೆಯ ಬಿರುಕು, ಅದರಿಂದ ತುಕ್ಕುನೀರಿನ ಕಂದು ಗೆರೆ, ಒಳಗೆ ಎಷ್ಟು ಒರೆಸಿದರೂ ಬೋಲ್ಟಿನ ಬುಡದಲ್ಲಿ ಒದ್ದೆ. ಇವೆಲ್ಲಕ್ಕಿಂತ ನಂಬಿಕಸ್ಥ ಸಾಕ್ಷಿ ಕ್ಯಾಬಿನ್ನಿನ ಬಾಗಿಲು. ತೇಲುವಾಗ ಸಲೀಸಾಗಿ ತೆರೆಯುವ ಬಾಗಿಲು ನೆಲದ ಮೇಲೆ ಕೂತಾಗ ಬಿಗಿಯಾದರೆ ದೋಣಿಯ ಒಡಲೇ ಆಕಾರ ಬದಲಿಸುತ್ತಿದೆ ಎಂದರ್ಥ.

ಸರಿಪಡಿಸುವ ಕೆಲಸ ಚಳಿಗಾಲದಲ್ಲಿ ನಡೆಯುತ್ತದೆ. ದೋಣಿಯನ್ನು ಕ್ರೇನಿನ ಅಗಲ ಬೆಲ್ಟುಗಳಲ್ಲಿ ಎತ್ತಿ, ಒಡಲಿನ ಭಾರವೆಲ್ಲ ಆಧಾರದ ಮರಗಳ ಮೇಲೆ ಬರುವಂತೆ ಕೂರಿಸಿ, ಕೀಲಿನ ಅಡಿಗೆ ಜಾಕಿ ಕೊಡುತ್ತಾರೆ. ಆಮೇಲೆ ಒಳಗಿನಿಂದ ನಟ್ಟು ಸಡಿಲಿಸುವುದು. ಬಿಚ್ಚಿದ ತಕ್ಷಣ ಕೀಲ್ ಬಿದ್ದುಹೋಗುತ್ತದೆ ಎಂದು ಹೊಸಬರು ಹೆದರುತ್ತಾರೆ. ಎಷ್ಟೋ ಸಲ ಎಲ್ಲ ನಟ್ಟು ತೆಗೆದರೂ ಅದು ಜಪ್ಪಯ್ಯ ಎನ್ನುವುದಿಲ್ಲ. ನಡುವಿನ ಅಂಟು ಅಷ್ಟು ಗಟ್ಟಿ. ಆಗ ತೆಳು ಗರಗಸದಿಂದ ಸಂದಿಯ ಅಂಟನ್ನು ಕುಯ್ದು, ಸುತ್ತಲೂ ಮರದ ಬೆಣೆ ಇಟ್ಟು, ಒಂದಕ್ಕೆ ಒಂದು ಏಟು, ಪಕ್ಕದ್ದಕ್ಕೆ ಒಂದು ಏಟು ಎಂದು ಸುತ್ತು ಹಾಕುತ್ತಾ ಹೋಗಬೇಕು. ಒಂದೇ ಕಡೆ ಬಡಿದರೆ ಫೈಬರ್ ಸೀಳುತ್ತದೆ. ಕೊನೆಗೊಮ್ಮೆ ಅಂಟು ಬಿಡುವ ಸದ್ದು ಬರುತ್ತದೆ, ಜಾಕಿ ನರಳುತ್ತದೆ, ಬೆಳಕು ಕಾಣದೆ ಇದ್ದ ಜಾಗ ಹೊರಗೆ ಬರುತ್ತದೆ.

ಮೊದಲು ನೋಡುವುದು ಬೋಲ್ಟುಗಳನ್ನು. ಹೊರಗೆ ಕಾಣುವ ತುದಿ ಹೊಳೆಯುತ್ತಿದ್ದರೂ ಕೀಲ್ ಮತ್ತು ಒಡಲಿನ ನಡುವಿನ ಗೆಣ್ಣಿನಲ್ಲಿ ಅದು ಪೆನ್ಸಿಲಿನಷ್ಟು ಸವೆದಿರಬಹುದು. ಸ್ಟೇನ್‌ಲೆಸ್ ಸ್ಟೀಲ್ ಎಂದರೆ ತುಕ್ಕು ಹಿಡಿಯದ್ದು ಎಂದು ನಾವೆಲ್ಲ ನಂಬಿರುತ್ತೇವೆ; ಅದರ ಮೈಮೇಲಿನ ರಕ್ಷಣೆಯ ಪೊರೆ ಉಳಿಯಬೇಕಾದರೆ ಆಮ್ಲಜನಕ ಬೇಕು. ಗಾಳಿಯಾಡದ ಸಂದಿಯಲ್ಲಿ ಉಪ್ಪುನೀರು ನಿಂತರೆ ಪೊರೆ ಹೋಗಿ ಲೋಹ ಗುಳಿಗುಳಿಯಾಗಿ ಕರಗುತ್ತದೆ. ಹಳೆಯ ದೋಣಿ ಕೊಳ್ಳುವ ಮೊದಲು ಒಂದೆರಡು ಬೋಲ್ಟು ಹೊರಗೆಳೆದು ತೋರಿಸಿ ಎಂದು ತಪಾಸಣೆಯವರು ಪಟ್ಟು ಹಿಡಿಯುವುದು ಇದಕ್ಕೇ.

ಇನ್ನು ಒಳಗಿನ ಕೆಲಸ. ನನ್ನ ಮಟ್ಟಿಗೆ ಈ ಕಸುಬಿನ ತಿರುಳು ಇಲ್ಲಿದೆ. ದುರ್ಬಲ ಜಾಗಕ್ಕೆ ಹತ್ತು ಪದರ ಫೈಬರ್ ಬಳಿದು ದಪ್ಪ ಮಾಡಿಬಿಟ್ಟರೆ ಆಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗೆ ಮಾಡಿದ ದೋಣಿಗಳು ಕೆಲವು ವರ್ಷಗಳ ನಂತರ ಆ ದಪ್ಪ ತೇಪೆಯ ಅಂಚಿನಲ್ಲೇ ಸೀಳುತ್ತವೆ. ಗಡುಸಾದದ್ದು ಥಟ್ಟನೆ ಮುಗಿದು ಬಳುಕುವಂಥದ್ದು ಶುರುವಾಗುವ ಗೆರೆಯ ಮೇಲೆ ಬಾಗುವಿಕೆಯೆಲ್ಲ ಬಂದು ಸೇರಿಕೊಳ್ಳುತ್ತದೆ. ಆದ್ದರಿಂದ ಪಳಗಿದ ಕೆಲಸಗಾರ ಬಲವನ್ನು ಎಲ್ಲಿ ಹಾಕಲಿ ಎಂಬುದಕ್ಕಿಂತ ಅದನ್ನು ಎಲ್ಲಿ, ಹೇಗೆ ಮುಗಿಸಲಿ ಎಂದು ಹೆಚ್ಚು ಹೊತ್ತು ಯೋಚಿಸುತ್ತಾನೆ.

ದೋಣಿಯ ತಳದಲ್ಲಿ ಅಡ್ಡಡ್ಡ ತೊಲೆಗಳನ್ನು ಕಟ್ಟುವುದು ಒಪ್ಪಿತವಾದ ದಾರಿ. ಒಂದೊಂದು ತೊಲೆಯೂ ಎಡ ಕೀಲಿನ ಬೋಲ್ಟುಗಳ ಪಕ್ಕದಿಂದ ಬಲ ಕೀಲಿನ ಬೋಲ್ಟುಗಳವರೆಗೆ ಹೋಗಿ, ಅಲ್ಲಿಗೆ ನಿಲ್ಲದೆ ಎರಡೂ ಬದಿಯ ಏರಿನ ಮೇಲೆ ಹತ್ತಿ ಸಣ್ಣಗಾಗುತ್ತಾ ಕೊನೆಯಾಗಬೇಕು. ಹೀಗೆ ಮಾಡಿದರೆ ಎಡ ಕೀಲ್ ಎಡಕ್ಕೂ ಬಲ ಕೀಲ್ ಬಲಕ್ಕೂ ಜಾರಲು ನೋಡುವ ಒತ್ತಡಗಳು ಒಂದೇ ತೊಲೆಯ ಎರಡು ತುದಿಗೆ ಬಂದು ಒಂದನ್ನೊಂದು ತಡೆಯುತ್ತವೆ. ತಳದ ತೆಳು ಹಾಳೆಗೆ ಆ ಜಗಳ ತಟ್ಟುವುದಿಲ್ಲ. ತೊಲೆಯೊಳಗೆ ಇರುವುದು ಫೋಮ್ ಅಥವಾ ಹಗುರ ಮರ. ಅದು ಆಕಾರಕ್ಕಷ್ಟೇ. ಬಲವೆಲ್ಲ ಅದರ ಮೇಲೆ ಹೊದಿಸುವ ಗಾಜಿನ ಬಟ್ಟೆ ಮತ್ತು ರೆಸಿನ್‌ನದು.

ಹೊದಿಸುವ ಮೊದಲು ಹಳೆಯ ಮೈಯನ್ನು ಗ್ರೈಂಡರಿನಿಂದ ಕೆರೆಯಬೇಕು. ಬಣ್ಣ, ಜಿಡ್ಡು, ಡೀಸೆಲ್ ಕುಡಿದ ಪದರ ಎಲ್ಲ ಹೋಗಿ ಸ್ವಚ್ಛ ಗಾಜಿನ ಎಳೆ ಕಾಣುವ ತನಕ. ಮೈ-ಕೈಗೆಲ್ಲ ಹತ್ತಿ ದಿನಗಟ್ಟಲೆ ಕಡಿಯುವ ಪುಡಿ ಅದು. ಮುಖವಾಡವಿಲ್ಲದೆ ಆ ಕೆಲಸಕ್ಕೆ ಇಳಿಯಬಾರದು. ಬಿರುಕು ಬಿಟ್ಟ ಕಡೆ ಅಂಚನ್ನು ಇಳಿಜಾರಾಗಿ ಸವೆಸುತ್ತಾರೆ. ದಪ್ಪಕ್ಕೆ ಹನ್ನೆರಡು ಪಟ್ಟು ಉದ್ದದ ಇಳಿಜಾರು ಎಂಬುದು ರೂಢಿಯ ಲೆಕ್ಕ: ತಳ 10 ಮಿ.ಮೀ. ದಪ್ಪವಿದ್ದರೆ 12 ಸೆಂ.ಮೀ. ಇಳಿಜಾರು. ಸಣ್ಣ ಬಿರುಕಿಗೆ ಇಷ್ಟೊಂದು ಒಳ್ಳೆಯ ಭಾಗವನ್ನೇಕೆ ಕೆರೆದು ಹಾಕಬೇಕು ಎಂದು ಮನಸ್ಸು ಹಿಂಜರಿಯುತ್ತದೆ. ಹೊಸ ಪದರ ಹಳೆಯದನ್ನು ಹಿಡಿಯುವುದು ಆ ಉದ್ದದ ಇಳಿಜಾರಿನಲ್ಲೇ.

ಹಳೆಯ ದೋಣಿ ಪಾಲಿಯೆಸ್ಟರ್ ರೆಸಿನ್‌ನದು. ಅದರ ಮೇಲೆ ಎಪಾಕ್ಸಿ ಚೆನ್ನಾಗಿ ಅಂಟುತ್ತದೆ. ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಅಷ್ಟು ಚೆನ್ನಾಗಿ ಅಂಟುವುದಿಲ್ಲ. ಹಾಗಾಗಿ ಒಮ್ಮೆ ಎಪಾಕ್ಸಿ ಹಿಡಿದವರು ಮುಂದೆಯೂ ಅದನ್ನೇ ಹಿಡಿಯಬೇಕು. ಅದಕ್ಕೆ ಚಳಿ ಆಗದು. ಬ್ರಿಟನ್ನಿನ ಜನವರಿಯಲ್ಲಿ ಟಾರ್ಪಾಲಿನ ಡೇರೆ ಕಟ್ಟಿ, ಒಳಗೆ ಹೀಟರ್ ಇಟ್ಟು, ರಾತ್ರಿಯಿಡೀ ಬೆಚ್ಚಗಿಡಬೇಕು. ಒಂದೇ ಡಬ್ಬದಲ್ಲಿ ಹೆಚ್ಚು ಕಲಸಿಟ್ಟರೆ ಅದು ತನ್ನ ಕಾವಿಗೆ ತಾನೇ ಹೊಗೆಯಾಡುತ್ತದೆ. ಗಟ್ಟಿಯಾದ ಎಪಾಕ್ಸಿಯ ಮೇಲೆ ಕೆಲವೊಮ್ಮೆ ಕೈಗೆ ಮೇಣದಂತೆ ಜಾರುವ ಪೊರೆ ಕಟ್ಟಿಕೊಳ್ಳುತ್ತದೆ. ಬರೀ ನೀರು ಹಾಕಿ ತೊಳೆದರೆ ಹೋಗುತ್ತದೆ. ತೊಳೆಯದೆ ಮುಂದಿನ ಪದರ ಹಾಕಿದರೆ ಎರಡರ ನಡುವೆ ಹಿಡಿತವೇ ಇರುವುದಿಲ್ಲ. ಒಂದೊಂದು ಪದರವನ್ನೂ ಹಿಂದಿನದಕ್ಕಿಂತ ಎರಡು-ಮೂರು ಸೆಂ.ಮೀ. ಹೊರಗೆ ಚಾಚಿ ಹಾಕುತ್ತಾರೆ. ಅಂಚು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ಬಲ ಕರಗುತ್ತಾ ತಳದಲ್ಲಿ ಬೆರೆತುಹೋಗುತ್ತದೆ.

ತೊಲೆ ಕಟ್ಟುವ ಉತ್ಸಾಹದಲ್ಲಿ ಜನ ಮರೆಯುವ ಸಂಗತಿಯೊಂದಿದೆ. ಅಡ್ಡ ತೊಲೆ ಎಂದರೆ ಅಡ್ಡ ಒಡ್ಡು. ತಳದಲ್ಲಿ ಜಿನುಗಿದ ನೀರು ಹರಿದು ಪಂಪಿನ ಬಳಿ ಸೇರಬೇಕಾದರೆ ಪ್ರತಿ ತೊಲೆಯ ಅಡಿಯಲ್ಲೂ ತೂತು ಬೇಕು. ಆಮೇಲೆ ಕೊರೆದರೆ ಒಳಗಿನ ಮರ ನೀರು ಕುಡಿಯುತ್ತದೆ. ಜಾಣರು ಮೊದಲೇ ಪ್ಲಾಸ್ಟಿಕ್ ಪೈಪಿನ ತುಂಡು ಇಟ್ಟು ಅದರ ಮೇಲೆ ಫೈಬರ್ ಹೊದಿಸುತ್ತಾರೆ. ಮೂರು ಟನ್ನಿನ ದೋಣಿಯಲ್ಲಿ ಬೆರಳು ಗಾತ್ರದ ಈ ತೂತು ಸರಿಯಾಗಿದೆಯೇ ಎಂದು ನೋಡಿದರೆ ಸಾಕು, ಕೆಲಸ ಮಾಡಿದವನು ಎಂಥವನು ಎಂದು ತಿಳಿಯುತ್ತದೆ.

ನಟ್ಟುಗಳ ಅಡಿಗೆ ಹಿಂದೆ ಇದ್ದದ್ದು ಪುಟ್ಟ ವಾಷರ್‌ಗಳಾಗಿದ್ದರೆ ಅವುಗಳ ಜಾಗಕ್ಕೆ ಅಗಲವಾದ ದಪ್ಪ ಲೋಹದ ಫಲಕ ಬರುತ್ತದೆ. ಕಂಬಕ್ಕೂ ತೊಲೆಗೂ ನಡುವೆ ಬೋದಿಗೆ ಮಾಡುವ ಕೆಲಸವನ್ನೇ ಅದು ಮಾಡುವುದು: ಒಂದು ಬಿಂದುವಿನ ಭಾರವನ್ನು ಅಗಲಕ್ಕೆ ಹರಡುತ್ತದೆ. ಫಲಕದ ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿರಬೇಕು. ಚೂಪು ಮೂಲೆ ಇದ್ದರೆ ಅಲ್ಲಿಂದ ಹೊಸ ಬಿರುಕು.

ಹೊರಗೆ ಬಿದ್ದಿರುವ ಕೀಲಿಗೂ ಈಗ ಸರದಿ. ಎರಕದ ಕಬ್ಬಿಣದ ತುಕ್ಕನ್ನು ತಂತಿ ಬ್ರಷ್ಷಿನಿಂದ ಕೆರೆದರೆ ಒಂದು ಸೀಸನ್ನಿಗೆ ಮಾತ್ರ. ರಭಸದ ಗಾಳಿಯಲ್ಲಿ ಹರಳು ಸಿಡಿಸಿ ಬೂದುಬಣ್ಣದ ಬರಿಯ ಲೋಹ ಬರುವ ತನಕ ತೆಗೆದು, ಕೆಲವೇ ಗಂಟೆಗಳೊಳಗೆ ಎಪಾಕ್ಸಿ ಪ್ರೈಮರ್ ಬಳಿದುಬಿಡಬೇಕು. ರಾತ್ರಿ ಹಾಗೇ ಬಿಟ್ಟರೆ ಕಡಲ ಗಾಳಿಗೆ ಬೆಳಗಾಗುವುದರೊಳಗೆ ಕೇಸರಿ ಬಣ್ಣ ಹತ್ತಿರುತ್ತದೆ. ಆಮೇಲೆ ಆಕಾರ. ಕೀಲ್ ನೀರಿನಲ್ಲಿ ವಿಮಾನದ ರೆಕ್ಕೆಯಂತೆಯೇ ಕೆಲಸ ಮಾಡುವುದರಿಂದ ಅದರ ಅಡ್ಡಕೊಯ್ತಕ್ಕೆ ಅಮೆರಿಕದ ನಾಕಾ ಸಂಸ್ಥೆ 1930ರ ದಶಕದಲ್ಲಿ ರೆಕ್ಕೆಗಳಿಗಾಗಿ ಪ್ರಕಟಿಸಿದ ಆಕಾರಗಳನ್ನೇ ಇವತ್ತಿಗೂ ನೋಡುವವರಿದ್ದಾರೆ. ಅವುಗಳ ನಾಲ್ಕಂಕಿಯ ಸರಣಿಯಲ್ಲಿ ಮುಂದಿನ ಅಂಚಿನಿಂದ ಅಗಲದ ನೂರಕ್ಕೆ ಸುಮಾರು ಮೂವತ್ತು ಪಾಲು ಹಿಂದಕ್ಕೆ ಅತಿ ದಪ್ಪ, ಅಲ್ಲಿಂದ ಹಿಂದಕ್ಕೆ ನಿಧಾನವಾಗಿ ತೆಳು. ಎರಕದ ಕೀಲ್ ಅಷ್ಟು ನಿಖರವಾಗಿ ಹುಟ್ಟುವುದಿಲ್ಲ. ಪ್ಲೈವುಡ್ಡಿನಲ್ಲಿ ಅರ್ಧ ಆಕಾರದ ಅಚ್ಚು ಕತ್ತರಿಸಿ ಕೀಲಿಗೆ ಆನಿಸಿ, ಬೆಳಕು ತೂರಿದ ಕಡೆಯೆಲ್ಲ ಹಗುರ ಪುಡಿ ಬೆರೆಸಿದ ಎಪಾಕ್ಸಿ ಲಪ್ಪ ತುಂಬುತ್ತಾರೆ. ಒಣಗಿದ ಮೇಲೆ ಕಪ್ಪು ಬಣ್ಣವನ್ನು ತೆಳ್ಳಗೆ ಚಿಮುಕಿಸಿ, ಎರಡು ಕೈಯಲ್ಲಿ ಹಿಡಿಯುವ ಉದ್ದ ಹಲಗೆಗೆ ಸ್ಯಾಂಡ್ ಪೇಪರ್ ಅಂಟಿಸಿ ಓರೆಯಾಗಿ ಉಜ್ಜುತ್ತಾರೆ. ಉಬ್ಬಿದ ಕಡೆ ಕಪ್ಪು ಹೋಗುತ್ತದೆ, ತಗ್ಗಿದ ಕಡೆ ಉಳಿಯುತ್ತದೆ. ಮತ್ತೆ ಲಪ್ಪ, ಮತ್ತೆ ಕಪ್ಪು, ಮತ್ತೆ ಉಜ್ಜುವುದು. ಕೊನೆಕೊನೆಗೆ ಕಣ್ಣಿಗಿಂತ ಅಂಗೈಗೆ ಹೆಚ್ಚು ತಿಳಿಯುತ್ತದೆ. ಕಣ್ಣು ಮುಚ್ಚಿ ಸವರುವವರನ್ನು ಯಾರ್ಡುಗಳಲ್ಲಿ ನೋಡಬಹುದು. ಹಿಂದಿನ ಅಂಚನ್ನು ದುಂಡಗೆ ಬಿಡದೆ ಚೌಕಕ್ಕೆ ಕತ್ತರಿಸಿದರೆ ನೀರು ಚೊಕ್ಕವಾಗಿ ಬಿಟ್ಟುಕೊಂಡು ಹೋಗುತ್ತದೆ. ಸೆಂಟಾರ್‌ನಂಥ ಸಂಸಾರಸ್ಥ ದೋಣಿಗೆ ಇಷ್ಟೆಲ್ಲ ಬೇಕೇ? ಬೇಡ. ವಾರಾಂತ್ಯಕ್ಕೆ ಬೇರೆ ಕೆಲಸವಿಲ್ಲದವರು ಮಾಡುತ್ತಾರೆ, ಮಾಡಿದ್ದು ನೋಡಲು ಚೆಂದ.

ಒಂಟಿ ಕೀಲಿನ ಹಳೆಯ ದೋಣಿಗಳಲ್ಲಿ ಬೇರೆಯೇ ಒಂದು ಮಾರ್ಪಾಡು ನಡೆಯುತ್ತದೆ. ಅಮೆರಿಕದ ಚೆಸಪೀಕ್ ಕೊಲ್ಲಿಯಂಥ ತೆಳುನೀರಿನ ಕಡೆ ಆಳದ ಕೀಲ್ ಇಟ್ಟುಕೊಂಡು ಸಾಕಾದವರು ಅದರ ತುದಿ ಕತ್ತರಿಸಿ, ಕೆಳಗೆ ಎರಡು ಪಕ್ಕದಿಂದ ಸೀಸದ ಉಂಡೆ ಬಿಗಿಸುತ್ತಾರೆ. ಕತ್ತರಿಸಿದಷ್ಟೇ ತೂಕ ಸೇರಿಸಿದರೆ ಸಾಲದು. ಕಳೆದುಕೊಂಡದ್ದು ಅತಿ ಆಳದಲ್ಲಿದ್ದ, ಅತಿ ಹೆಚ್ಚು ಮೀಟುವ ಭಾರ. 1.1 ಮೀಟರ್ ಕೆಳಗಿದ್ದ 120 ಕೆ.ಜಿ. ಹೋಗಿ ಅದರ ಬದಲಿಗೆ 0.9 ಮೀಟರಿನಲ್ಲಿ ಉಂಡೆ ಕೂರುವುದಾದರೆ, ಸ್ಥೂಲವಾಗಿ 147 ಕೆ.ಜಿ. ಬೇಕು. ತೂಕ ಹೆಚ್ಚಾಯಿತು, ಅಡ್ಡ ಸರಿಯದಂತೆ ತಡೆಯುವ ಫಲಕ ಗಿಡ್ಡವಾಯಿತು; ಗಾಳಿಗೆದುರು ತುಸು ಕಳೆದುಕೊಳ್ಳಲು ಒಪ್ಪಿಯೇ ಇದಕ್ಕೆ ಕೈಹಾಕಬೇಕು. 1983ರಲ್ಲಿ ಬೆನ್ ಲೆಕ್ಸೆನ್ ವಿನ್ಯಾಸದ ರೆಕ್ಕೆ ಕೀಲ್ ತೊಟ್ಟ 'ಆಸ್ಟ್ರೇಲಿಯಾ 2' ದೋಣಿ ನ್ಯೂಯಾರ್ಕ್ ಯಾಟ್ ಕ್ಲಬ್ಬಿನ 132 ವರ್ಷಗಳ ಹಿಡಿತ ಬಿಡಿಸಿ ಅಮೆರಿಕಾಸ್ ಕಪ್ ಗೆದ್ದ ಮೇಲೆ ಎಲ್ಲರಿಗೂ ಕೀಲಿಗೆ ರೆಕ್ಕೆ ಹಚ್ಚುವ ಹುಚ್ಚು ಹತ್ತಿತ್ತು. ಕೆಸರಿನಲ್ಲಿ ನಿಲ್ಲುವ ದೋಣಿಗೆ ಆ ರೆಕ್ಕೆ ಲಂಗರಿನ ಕೆಲಸ ಮಾಡುತ್ತದೆ, ಅಷ್ಟೇ.

ಸೆಂಟಾರ್‌ಗೆ ಮರಳಿದರೆ, ಉಳಿದದ್ದು ಕೂರಿಸುವುದು. ಮೊದಲು ಅಂಟಿಲ್ಲದೆ ಒಮ್ಮೆ ಎತ್ತಿ ಆನಿಸಿ, ಎಲ್ಲಿ ಸಂದಿ ಉಳಿಯುತ್ತದೆ ಎಂದು ನೋಡುತ್ತಾರೆ. ಆಮೇಲೆ ಪಾಲಿಯುರೆಥೇನ್ ಅಂಟನ್ನು ಧಾರಾಳವಾಗಿ ಬಳಿದು, ಬೋಲ್ಟಿನ ಬುಡಕ್ಕೆ ಒಂದೊಂದು ಸುತ್ತು ಸುತ್ತಿ, ಜಾಕಿಯನ್ನು ಅಂಗುಲ ಅಂಗುಲವಾಗಿ ಏರಿಸುತ್ತಾರೆ. ಅಂಟು ಸುತ್ತಲೂ ಒಂದೇ ಸಮನೆ ಹೊರಚೆಲ್ಲಿದರೆ ನಡುವೆ ಗಾಳಿ ಉಳಿದಿಲ್ಲ ಎಂದು ಲೆಕ್ಕ. ನಟ್ಟನ್ನು ಅಂದೇ ಪೂರ್ತಿ ಬಿಗಿದರೆ ಅಂಟೆಲ್ಲ ಹಿಂಡಿ ಹೊರಗೆ ಹೋಗುತ್ತದೆ. ಅರ್ಧ ಬಿಗಿದು, ಅಂಟು ರಬ್ಬರಿನಂತಾಗಲು ಬಿಟ್ಟು, ಆಮೇಲೆ ಟಾರ್ಕ್ ಸ್ಪ್ಯಾನರಿನಿಂದ ನಡುವಿನಿಂದ ತುದಿಗೆ ಒಂದು ಬಿಟ್ಟು ಒಂದರಂತೆ ಪೂರ್ತಿ ಮಾಡಬೇಕು. ನೀರಿಗಿಳಿದು ಕೆಲವು ವಾರ ಆದ ಮೇಲೆ ಇನ್ನೊಮ್ಮೆ ನೋಡಬೇಕು; ನಟ್ಟುಗಳು ತುಸು ಸಡಿಲಾಗಿರಬಹುದು.

2014ರ ಮೇ ತಿಂಗಳಲ್ಲಿ 'ಚೀಕಿ ರಫೀಕಿ' ಎಂಬ 40 ಅಡಿಯ ದೋಣಿ ಅಟ್ಲಾಂಟಿಕ್ ನಡುವೆ ಕೀಲ್ ಕಳಚಿ ಮಗುಚಿ ನಾಲ್ವರು ಬ್ರಿಟಿಷರು ತೀರಿಕೊಂಡ ನಂತರ ತಪಾಸಣೆಯವರು ಕೀಲಿನ ಬುಡ ನೋಡುವ ರೀತಿ ಬಿಗಿಯಾಗಿದೆ. ಹಳೆಯ ಸೆಂಟಾರ್ ಕೆಲವು ಸಾವಿರ ಪೌಂಡಿಗೆ ಸಿಗುತ್ತದೆ. ಯಾರ್ಡಿಗೆ ಕೊಟ್ಟು ಈ ಕೆಲಸ ಮಾಡಿಸಿದರೆ ಖರ್ಚು ದೋಣಿಯ ಬೆಲೆಯನ್ನೇ ಮೀರಬಹುದು. ಹಾಗಾಗಿ ಎಷ್ಟೋ ಮಾಲೀಕರು ತಾವೇ ತೋಳು ಮಡಿಸುತ್ತಾರೆ. ಮುಗಿದ ಮೇಲೆ ಎಲ್ಲವೂ ನೆಲಹಲಗೆಯ ಅಡಿಗೆ, ಬಣ್ಣದ ಹಿಂದಕ್ಕೆ, ನೀರಿನ ಕೆಳಕ್ಕೆ ಹೋಗಿಬಿಡುತ್ತದೆ. ಆದ್ದರಿಂದ ತಿಳಿದವರು ಕೆರೆದ ಮೈ, ಹೊಸ ಬೋಲ್ಟು, ತೊಲೆಯ ಪ್ರತಿ ಪದರ, ಫಲಕದ ಅಳತೆ ಎಲ್ಲದರ ಫೋಟೊ ತೆಗೆದು ತಾರೀಖು ಬರೆದು ಫೈಲ್ ಮಾಡಿಡುತ್ತಾರೆ. ಮುಂದೆ ದೋಣಿ ಮಾರುವಾಗ ಕೊಳ್ಳುವವನ ತಪಾಸಣೆಗಾರ ಹಾಯಿ, ಎಂಜಿನ್ನುಗಳ ಮಾತೆತ್ತುವ ಮೊದಲು ಕೇಳುವುದು ಆ ಫೈಲನ್ನು.